ಹಿಡಿಕೋಲಿನ ಜೀರ್ಣೋದ್ಧಾರ

ಜಾಯ್‌ಸ್ಟಿಕ್ ಎಂಬ ಮಾತನ್ನು ಕನ್ನಡಿಸಹೊರಟವನು ಮೊದಲ ಹೆಜ್ಜೆಯಲ್ಲಿಯೇ ಎಡವುತ್ತಾನೆ. ಅಕ್ಷರಶಃ ಅನುವಾದಿಸಿದರೆ ‘ಆನಂದದಂಡ’ವೆಂದಾಗುತ್ತದೆ. ಯಾವುದೋ ಮಠಾಧಿಪತಿಗಳ ಹಸ್ತದಲ್ಲಿರಬೇಕಾದ ಪವಿತ್ರವಸ್ತುವೆಂಬ ಭ್ರಮೆಯನ್ನು ಅದು ಹುಟ್ಟಿಸುವುದೇ ಹೊರತು, ನಾಣ್ಯ ನುಂಗುವ ಆಟದ ಯಂತ್ರಕ್ಕೆ ಎಳ್ಳಷ್ಟೂ ಒಪ್ಪುವುದಿಲ್ಲ. ವಿಮಾನಗಳು ಇನ್ನೂ ಶೈಶವದಲ್ಲಿದ್ದಾಗ ಚಾಲಕರು ತಮ್ಮ ಮುಂದಿನ ಕೋಲಿಗೆ ಬಳಸುತ್ತಿದ್ದ ಹೆಸರಿದು. ಅಲ್ಲಿಂದ ಆಟದಂಗಡಿಗೆ ಇಳಿದು ಬಂತು. ಪರಿಭಾಷಾ ಪಂಡಿತರು ಕ್ಷಮಿಸುವುದಾದರೆ ನಾನು ಇದನ್ನು ಹಿಡಿಕೋಲೆಂದು ಕರೆಯುತ್ತೇನೆ.

ಅಮೆರಿಕ ಮತ್ತು ಜಪಾನುಗಳಲ್ಲಿ ೧೯೭೦ರ ದಶಕದ ಕೊನೆಯಿಂದ ಬೀರುವಿನಷ್ಟೆತ್ತರದ ಆಟದ ಪೆಟ್ಟಿಗೆಗಳು ಅಂಗಡಿ, ಹೋಟೆಲುಗಳ ಮೂಲೆಮೂಲೆಗಳಲ್ಲಿ ನಿಂತಿದ್ದುವು. ಅವುಗಳ ಕಾಲ ಮುಗಿದ ಮೇಲೆ ಎಷ್ಟೋ ಪೆಟ್ಟಿಗೆಗಳು ಗುಜರಿಗೆ ಹೋದುವು. ಉಳಿದವನ್ನು ಇಂದು ಅಭಿಮಾನಿಗಳು ಹುಡುಕಿ ತಂದು, ಧೂಳು ಕೊಡವಿ, ಮತ್ತೆ ಆಡುವಂತೆ ಮಾಡುತ್ತಿದ್ದಾರೆ. ಅಮೆರಿಕದ ಲಕೋನಿಯಾ ಎಂಬ ಊರಿನಲ್ಲಿ ಇಂಥ ಯಂತ್ರಗಳಿಗೇ ಮೀಸಲಾದ ವಸ್ತುಸಂಗ್ರಹಾಲಯವೊಂದುಂಟು. ಅಲ್ಲಿ ಬಂದವರು ಅವನ್ನು ನೋಡುವುದಷ್ಟೇ ಅಲ್ಲ, ಆಡಲೂಬಹುದು. ಕನ್ನಡ ಪಾಠ ಹೇಳುವವನಿಗೆ ಈ ಉಸಾಬರಿ ಏಕೆಂದು ವಾಚಕರು ಹುಬ್ಬೇರಿಸಬಹುದು. ಉತ್ತರ ಮುಂದೆ ತಾನಾಗಿ ಬರುತ್ತದೆ.

ಹಿಡಿಕೋಲಿನ ಒಳಗಿನ ರಚನೆ ಬೆರಗಾಗುವಷ್ಟು ಸರಳ. ಕೋಲಿನ ಬುಡದ ಸುತ್ತ ನಾಲ್ಕು ಸ್ವಿಚ್ಚುಗಳು. ಕೋಲು ವಾಲಿದ ಕಡೆಯ ಸ್ವಿಚ್ಚು ಕೂಡಿಕೊಳ್ಳುತ್ತದೆ, ಅಷ್ಟೆ. ಹಳೆಯ ಯಂತ್ರಗಳಲ್ಲಿ ಬಹುಮಟ್ಟಿಗೆ ಇದ್ದುದು ಲೀಫ್ ಸ್ವಿಚ್ಚು: ತೆಳುವಾದ ಎರಡು ಲೋಹದ ಪಟ್ಟಿಗಳು, ಅವುಗಳ ತುದಿಯಲ್ಲಿ ಎದುರುಬದುರಾದ ಎರಡು ಬಿಂದುಗಳು. ಸದ್ದಿಲ್ಲ, ತಡೆಯಿಲ್ಲ, ಪಟ್ಟಿ ಬಾಗುತ್ತದೆ, ಬಿಂದು ಮುಟ್ಟುತ್ತದೆ. ಆಮೇಲೆ ಬಂದ ಮೈಕ್ರೋಸ್ವಿಚ್ಚು ಸಣ್ಣದೊಂದು ಮುಚ್ಚಿದ ಡಬ್ಬಿ. ಪ್ರತಿ ಸಲವೂ ‘ಟಿಕ್’ ಎಂದು ವರದಿ ಒಪ್ಪಿಸುತ್ತದೆ. ಲೀಫ್ ಸ್ವಿಚ್ಚಿನ ಬಿಂದುಗಳಿಗೆ ಕಿಲುಬು ಹಿಡಿದರೆ ಒಂದು ಗಟ್ಟಿ ಕಾಗದದ ಚೂರನ್ನು ನಡುವೆ ಇಟ್ಟು, ಪಟ್ಟಿಗಳನ್ನು ಮೆಲ್ಲನೆ ಅದುಮಿ, ಕಾಗದವನ್ನು ಎಳೆಯಬೇಕು. ಎರಡು ಮೂರು ಸಲ ಎಳೆದರೆ ಕಾಗದದ ಮೇಲೆ ಕಪ್ಪು ಗೆರೆ ಮೂಡುತ್ತದೆ. ರೋಗ ಹೊರಬಿತ್ತೆಂದು ತಿಳಿಯಬಹುದು. ಅವಸರಗಾರರು ಮರಳುಕಾಗದ ಹಿಡಿದು ಉಜ್ಜುತ್ತಾರೆ. ಲೇಪವಿರುವ ಬಿಂದುವಾದರೆ ಕಿಲುಬಿನ ಜತೆಗೆ ಲೇಪವೂ ಹೋಗಿ, ಮುಂದೆ ಕಿಲುಬು ಮೊದಲಿಗಿಂತ ಬೇಗ ಕಟ್ಟುತ್ತದೆ. ಪಟ್ಟಿಗಳ ನಡುವಣ ಅಂತರ ಹೆಚ್ಚಾಗಿದ್ದರೆ ಇಕ್ಕಳದ ತುದಿಯಿಂದ ಕೂದಲೆಳೆಯಷ್ಟು ಬಾಗಿಸಬೇಕು. ವೀಣೆಯ ಮೆಟ್ಟಿಲನ್ನು ಮೇಣದಲ್ಲಿ ಕೂರಿಸುವವನ ತಾಳ್ಮೆ ಬೇಕಾದ ಕೆಲಸವಿದು.

ಇಷ್ಟರಮಟ್ಟಿಗೆ ಕೈಚಳಕ ಸಾಕು. ವಿವೇಕ ಬೇಕಾಗುವುದು ಮುಂದಿನ ಹಂತದಲ್ಲಿ.

ಜಪಾನಿನ ನಾಮ್ಕೋ ಕಂಪನಿಗಾಗಿ ತೋರು ಇವಾತಾನಿ ಎಂಬವರು ರೂಪಿಸಿದ ಪ್ಯಾಕ್‌ಮ್ಯಾನ್ ಆಟ ೧೯೮೦ರಲ್ಲಿ ಹೊರಬಂತು. ಹಳದಿ ಬಿಲ್ಲೆಯೊಂದು ಚಕ್ರವ್ಯೂಹದಲ್ಲಿ ಚುಕ್ಕೆಗಳನ್ನು ತಿನ್ನುತ್ತ ಓಡುತ್ತದೆ; ನಾಲ್ಕು ಭೂತಗಳು ಬೆನ್ನಟ್ಟುತ್ತವೆ. ಓಣಿಗಳೆಲ್ಲ ನೇರ, ತಿರುವುಗಳೆಲ್ಲ ಚೌಕ. ಆದಕಾರಣ ಆ ಯಂತ್ರದ ಹಿಡಿಕೋಲು ಚಲಿಸುವುದು ನಾಲ್ಕೇ ದಿಕ್ಕಿಗೆ. ಕೋಲು ಮೂಲೆಗೆ ಜಾರದಂತೆ ತಡೆ ಇರುತ್ತದೆ. ಈಗ ಒಬ್ಬ ಅಭಿಮಾನಿ ಸವೆದ ಕೋಲನ್ನು ಕಿತ್ತೆಸೆದು, ಅಷ್ಟದಿಕ್ಪಾಲಕರೆಲ್ಲರಿಗೂ ಮರ್ಯಾದೆ ಸಲ್ಲಿಸುವ ಎಂಟು ದಿಕ್ಕಿನ ಹೊಸ ಕೋಲನ್ನು ಕೂರಿಸುತ್ತಾನೆನ್ನಿ. ನಾಲ್ಕಕ್ಕಿಂತ ಎಂಟು ಮೇಲಲ್ಲವೇ? ಆಡಲು ನಿಂತಾಗ ತಿಳಿಯುತ್ತದೆ. ತಿರುವಿನಲ್ಲಿ ಕೈ ತುಸು ಓರೆಯಾದರೆ ಸಾಕು, ಎರಡು ಸ್ವಿಚ್ಚುಗಳು ಒಟ್ಟಿಗೆ ಕೂಡಿಕೊಂಡು ಯಂತ್ರಕ್ಕೆ ಏಕಕಾಲದಲ್ಲಿ ಎರಡು ಆಜ್ಞೆಗಳು ಹೋಗುತ್ತವೆ. ಪ್ಯಾಕ್‌ಮ್ಯಾನ್ ತಿರುಗಬೇಕಾದಲ್ಲಿ ತಿರುಗದೆ ಭೂತದ ಬಾಯಿಗೆ ಬೀಳುತ್ತಾನೆ.

ಇನ್ನೂ ಒಂದು ಸೂಕ್ಷ್ಮವಿದೆ. ತಿರುವು ಬರುವ ಸ್ವಲ್ಪ ಮೊದಲೇ ಕೋಲನ್ನು ವಾಲಿಸಿದರೆ ಪ್ಯಾಕ್‌ಮ್ಯಾನ್ ಮೂಲೆಯನ್ನು ಕತ್ತರಿಸಿಕೊಂಡು ಹೋಗುತ್ತಾನೆ. ಭೂತಗಳಿಗೆ ಈ ವಿದ್ಯೆ ಇಲ್ಲ. ಅವು ಓಣಿಯ ನಡುವಿನವರೆಗೂ ಹೋಗಿಯೇ ತಿರುಗಬೇಕು. ಬೆನ್ನಟ್ಟಿ ಬಂದ ಭೂತದಿಂದ ತಿರುವು ತಿರುವಿಗೂ ಕೂದಲೆಳೆಯಷ್ಟು ದೂರವನ್ನು ಗಳಿಸುವುದೇ ನುರಿತವನ ರಹಸ್ಯ. ಆ ಕ್ಷಣವನ್ನು ಹಿಡಿಯುವುದು ಕಣ್ಣಲ್ಲ, ಅಂಗೈ. ಕೋಲು ಬದಲಾದರೆ ತೆರೆಯ ಮೇಲಿನ ಚಿತ್ರ ಅದೇ ಇರುತ್ತದೆ. ಆಟ ಮಾತ್ರ ಬೇರೆಯಾಗಿರುತ್ತದೆ.

ಕನ್ನಡ ಮೇಷ್ಟರು ಇಲ್ಲಿ ಕಾಲಿಡುತ್ತಾರೆ. ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನಿಗೆ ಹಳಗನ್ನಡದ ಕಠಿಣ ಶಬ್ದವೊಂದು ಎದುರಾಗುತ್ತದೆ. ಅರ್ಥವಾಗುವುದಿಲ್ಲ. ಕವಿಯೇ ತಪ್ಪಿರಬೇಕೆಂದು ಭಾವಿಸಿ ತನಗೆ ತಿಳಿದ ಸುಲಭಶಬ್ದವನ್ನು ಅಲ್ಲಿ ಕೂರಿಸಿಬಿಡುತ್ತಾನೆ. ಪದ್ಯ ಓದಲು ಸಲೀಸಾಗುತ್ತದೆ, ಕಾವ್ಯ ಕೆಡುತ್ತದೆ. ಗ್ರಂಥಸಂಪಾದಕನಾದರೋ ದೊರೆತ ಪಾಠಗಳನ್ನೆಲ್ಲ ತೂಗಿ ನೋಡಿ, ತಾನು ತಿದ್ದಿದ್ದನ್ನು ತಿದ್ದಿದೆನೆಂದು ಹೇಳಿ, ಬಿಟ್ಟ ಪಾಠವನ್ನು ಪುಟದ ಅಡಿಯಲ್ಲಿ ಕಾಣಿಸುತ್ತಾನೆ. ಹಿಡಿಕೋಲಿನ ಲೋಕದಲ್ಲಿಯೂ ಲಿಪಿಕಾರರು ಹೆಚ್ಚು, ಸಂಪಾದಕರು ಕಡಮೆ. ೧೯೮೨ರ ಕ್ಯೂಬರ್ಟ್ ಎಂಬ ಆಟದಲ್ಲಿ ಹಿಡಿಕೋಲನ್ನು ಬೇಕೆಂತಲೇ ನಲವತ್ತೈದು ಅಂಶ ತಿರುಗಿಸಿ ಕೂರಿಸಿದ್ದರು. ಘನಗಳ ಗೋಪುರದ ಮೇಲೆ ಓರೆಯಾಗಿ ಕುಪ್ಪಳಿಸುವ ಪ್ರಾಣಿಯ ಆಟವದು. ಸೊಟ್ಟಗಿದೆಯಲ್ಲ ಎಂದು ಅದನ್ನು ನೆಟ್ಟಗೆ ಮಾಡುವವನನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಹೇಳಬೇಕಾಗಿಲ್ಲ.

ಹಾಗೆಂದ ಮಾತ್ರಕ್ಕೆ ಮಾರ್ಪಾಡೆಲ್ಲ ಪಾಪವೆಂಬ ಮಡಿವಂತಿಕೆ ನನಗಿಲ್ಲ. ೧೯೮೨ರಲ್ಲಿಯೇ ಬಂದ ರೋಬೋಟ್ರಾನ್ ಆಟದಲ್ಲಿ ಎರಡು ಹಿಡಿಕೋಲುಗಳುಂಟು: ಒಂದು ನಡೆಯಲು, ಇನ್ನೊಂದು ಗುಂಡು ಹಾರಿಸಲು. ಅದರ ನಿರ್ಮಾಪಕರಲ್ಲೊಬ್ಬರಾದ ಯೂಜಿನ್ ಜಾರ್ವಿಸ್ ಅಪಘಾತದಲ್ಲಿ ಬಲಗೈಗೆ ಪೆಟ್ಟಾಗಿ, ಕಟ್ಟು ಹಾಕಿಸಿಕೊಂಡೇ ಕೆಲಸಕ್ಕೆ ಮರಳಿದ್ದರು. ಕೋಲು ಹಿಡಿದು ಗುಂಡಿ ಒತ್ತುವುದು ಆ ಕೈಗೆ ಸಾಧ್ಯವಾಗದಿದ್ದುದೇ ಈ ಜೋಡಿಕೋಲಿನ ಯೋಚನೆಗೆ ದಾರಿಯಾಯಿತು. ನೊಂದ ಕೈಯಿಂದಲೇ ಹೊಸ ಆಟ ಹುಟ್ಟಿರುವಾಗ, ಸಂಧಿವಾತದ ಕೈಗೆ ಮೆದುವಾದ ಸ್ಪ್ರಿಂಗ್ ಹಾಕಿಕೊಟ್ಟರೆ ಆಕ್ಷೇಪಿಸುವವನು ಯಾರು? ೧೯೮೦ರಲ್ಲಿ ಹದಿನೈದರ ಹುಡುಗರಾಗಿ ಈ ಆಟಗಳನ್ನು ಆಡಿದವರು ಇಂದು ಅರವತ್ತರ ಆಸುಪಾಸಿನಲ್ಲಿದ್ದಾರೆ. ಅವರಿಗೆ ಆಟ ಬೇಕು. ನಮಗೆ ಅವರು ಬೇಕು. ಏಕೆಂದರೆ ದುರಸ್ತಿಯಾದ ಕೋಲನ್ನು ಹಿಡಿದು ‘ಅಲ್ಲ, ಇದು ಹೀಗಿರಲಿಲ್ಲ, ಇನ್ನೂ ಸಡಿಲವಾಗಿತ್ತು’ ಎಂದು ಹೇಳಬಲ್ಲವರು ಅವರೇ. ನಕ್ಷೆಯಲ್ಲಿ ಅಳತೆ ಸಿಕ್ಕೀತು, ಹದ ಸಿಕ್ಕದು. ಇಂದು ಹೊಸ ಗಣಕವೊಂದರಲ್ಲಿ ನೂರಾರು ಹಳೆಯ ಆಟಗಳನ್ನು ತುಂಬಿ ಒಂದೇ ಪೆಟ್ಟಿಗೆಯಲ್ಲಿ ಆಡುವ ರೂಢಿಯೂ ಬಂದಿದೆ. ಅಂಥವರಿಗಾಗಿ, ಮೇಲಕ್ಕೆಳೆದು ತಿರುಗಿಸಿದರೆ ನಾಲ್ಕರಿಂದ ಎಂಟು ದಿಕ್ಕಿಗೆ ಬದಲಾಗುವ ಕೋಲುಗಳನ್ನು ತಯಾರಿಸಿದ್ದಾರೆ. ಜಾಣತನದ ಏರ್ಪಾಡು, ತಕರಾರಿಲ್ಲ.

ಮನೆಯಲ್ಲಿ ಆಡುವ ಅಟಾರಿ ೨೬೦೦ ಯಂತ್ರದ ಕಪ್ಪು ಹಿಡಿಕೋಲಿನ ಕಥೆ ಚಿಕ್ಕದು. ತಳದ ನಾಲ್ಕು ತಿರುಪುಗಳನ್ನು ಬಿಚ್ಚಿದರೆ ಒಳಗೊಂದು ಹಲಗೆ, ಅದರ ಮೇಲೆ ಐದು ಪುಟ್ಟ ಲೋಹದ ಗುಮ್ಮಟಗಳು: ದಿಕ್ಕಿಗೆ ನಾಲ್ಕು, ಗುಂಡಿಗೆ ಒಂದು. ಗುಮ್ಮಟ ತಗ್ಗಿದರೆ ಸಂಪರ್ಕ. ಮಕ್ಕಳ ಗುದ್ದಾಟಕ್ಕೆ ಕೋಲಿನೊಳಗಿನ ಪ್ಲಾಸ್ಟಿಕ್ ಒಡೆಯುವುದೂ ಗುಮ್ಮಟಗಳು ದಣಿಯುವುದೂ ಸಾಮಾನ್ಯ. ಬದಲಿ ಹಲಗೆಗಳು ದೊರೆಯುತ್ತವೆ. ೨೦೨೩ರಲ್ಲಿ ಅಟಾರಿ ಹೆಸರಿನವರೇ ಅದೇ ರೂಪದ ಹೊಸ ಹಿಡಿಕೋಲನ್ನು ಮಾರುಕಟ್ಟೆಗೆ ತಂದರು. ಅಲ್ಲಿಗೆ ಅದರ ಚಿಂತೆ ಬಹುಪಾಲು ನೀಗಿತು. ದೊಡ್ಡ ಪೆಟ್ಟಿಗೆಗಳ ಮೂಲ ಬಿಡಿಭಾಗಗಳಿಗೆ ಆ ಭಾಗ್ಯ ಎಲ್ಲಕ್ಕೂ ಇಲ್ಲ. ಒಂದು ಕೆಟ್ಟ ಯಂತ್ರವನ್ನು ಬಲಿಗೊಟ್ಟು ಇನ್ನೊಂದನ್ನು ಬದುಕಿಸಬೇಕಾಗುತ್ತದೆ.

ಈ ಕಸುಬಿನಲ್ಲಿ ನನಗೆ ಮೆಚ್ಚಿಕೆಯಾದ ಪದ್ಧತಿಯೊಂದುಂಟು. ಬಲ್ಲವರು ಹೊಸ ಕೋಲಿಗಾಗಿ ಪೆಟ್ಟಿಗೆಗೆ ಹೊಸ ತೂತು ಕೊರೆಯುವುದಿಲ್ಲ. ಹಳೆಯ ತೂತಿಗೆ ಒಪ್ಪುವ ಕೋಲನ್ನೇ ಹುಡುಕುತ್ತಾರೆ. ಬಿಚ್ಚಿದ ಹಳೆಯ ಪಟ್ಟಿ, ಸ್ಪ್ರಿಂಗ್, ತಡೆಫಲಕಗಳನ್ನು ಎಸೆಯದೆ, ಏನನ್ನು ಯಾವಾಗ ಬದಲಾಯಿಸಿತೆಂದು ಚೀಟಿ ಬರೆದು, ಚೀಲದಲ್ಲಿ ಕಟ್ಟಿ ಅದೇ ಯಂತ್ರದ ಹೊಟ್ಟೆಯೊಳಗೆ ಇಡುತ್ತಾರೆ. ಮುಂದೆ ಬಾಗಿಲು ತೆರೆದವನಿಗೆ ಪಾಠಾಂತರ ಅಲ್ಲಿಯೇ ಸಿಕ್ಕುತ್ತದೆ.