ಮೆಡಿಕಲ್ ಶಾಪ್‌ನಲ್ಲಿ ಮಾತ್ರೆ ಕೊಡೋದು ಯಾರು? ಬನಾರಸ್‌ನಲ್ಲಿ 1932ರಲ್ಲಿ ಶುರುವಾದ ಪಾಠ ಇನ್ನೂ ಕೌಂಟರ್‌ವರೆಗೆ ಬಂದಿಲ್ಲ

ತಾಲೂಕು ಕೇಂದ್ರದ ಯಾವ ಮೆಡಿಕಲ್ ಶಾಪ್‌ಗೆ ಹೋದರೂ ಗೋಡೆ ಮೇಲೆ ಫ್ರೇಮ್ ಹಾಕಿದ ಕಾಗದಗಳು ಕಾಣುತ್ತವೆ. ಒಂದು ಔಷಧ ಮಾರಾಟದ ಲೈಸೆನ್ಸ್, ಇನ್ನೊಂದು ಫಾರ್ಮಸಿಸ್ಟ್ ನೋಂದಣಿ ಸರ್ಟಿಫಿಕೇಟ್. ಸರ್ಟಿಫಿಕೇಟ್‌ನಲ್ಲಿ ಹೆಸರಿರುವವರೇ ಕೌಂಟರ್‌ನಲ್ಲಿ ನಿಂತಿದ್ದಾರಾ? ಗಿರಾಕಿಗಳು ಇದನ್ನು ಕೇಳುವುದು ಅಪರೂಪ. ಕಾನೂನು ಮಾತ್ರ ಈಗ ಹಿಂದಿಗಿಂತ ಜೋರಾಗಿ ಕೇಳುತ್ತಿದೆ.

ಫಾರ್ಮಸಿ ಕಾಯ್ದೆಯ 42ನೇ ಕಲಂ ಪ್ರಕಾರ, ವೈದ್ಯರ ಚೀಟಿಗೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. ತಪ್ಪಿದರೆ ಮೊದಲು 6 ತಿಂಗಳವರೆಗೆ ಜೈಲು ಅಥವಾ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇತ್ತು. 2023ರ ಜನ ವಿಶ್ವಾಸ್ ಕಾಯ್ದೆ ಇದನ್ನು ಬದಲಿಸಿತು. ಜೈಲು 3 ತಿಂಗಳಿಗೆ ಇಳಿಯಿತು, ದಂಡದ ಮಿತಿ 2 ಲಕ್ಷ ರೂಪಾಯಿಗೆ ಏರಿತು. ಸಣ್ಣ ಅಂಗಡಿಗೆ ಇದು ಸಣ್ಣ ಮೊತ್ತವಲ್ಲ.

ಈ ನಿಯಮ ಯಾಕೆ ಬಂತು ಅಂತ ತಿಳಿಯಬೇಕಾದರೆ ಸುಮಾರು ತೊಂಬತ್ತು ವರ್ಷ ಹಿಂದಕ್ಕೆ ಹೋಗಬೇಕು.

ನಕಲಿ ಔಷಧಗಳ ಕಾಲ

ಬ್ರಿಟಿಷರ ಆಳ್ವಿಕೆಯಲ್ಲಿ ಔಷಧಗಳ ಗುಣಮಟ್ಟ ನೋಡಲು ದೇಶಕ್ಕೆಲ್ಲ ಅನ್ವಯಿಸುವ ಕಾನೂನೇ ಇರಲಿಲ್ಲ. ಮಲೇರಿಯಾಗೆ ಕೊಡುವ ಕ್ವಿನೈನ್ ಕೂಡ ಕಲಬೆರಕೆಯಾಗಿ ಮಾರಾಟವಾಗುತ್ತಿತ್ತು. ದೂರು ಹೆಚ್ಚಾದಾಗ 1930ರಲ್ಲಿ ಸರ್ಕಾರ ಕರ್ನಲ್ ರಾಮನಾಥ ಚೋಪ್ರಾ ಅಧ್ಯಕ್ಷತೆಯಲ್ಲಿ ಔಷಧ ವಿಚಾರಣಾ ಸಮಿತಿ ನೇಮಿಸಿತು. ಮರುವರ್ಷ ವರದಿ ಬಂತು. ಔಷಧಕ್ಕೆ ಕಾನೂನು ಬೇಕು, ಪರೀಕ್ಷೆಗೆ ಲ್ಯಾಬ್ ಬೇಕು, ಔಷಧ ಕೊಡುವವರಿಗೆ ಸರಿಯಾದ ಓದು ಮತ್ತು ನೋಂದಣಿ ಬೇಕು ಎಂಬುದು ಅದರ ಸಾರ.

ಅಲ್ಲಿಯವರೆಗೆ ಔಷಧ ಕೊಡುತ್ತಿದ್ದವರು ಕಂಪೌಂಡರ್‌ಗಳು. ಡಾಕ್ಟರ ಪಕ್ಕದಲ್ಲಿ ನಿಂತು, ಬಾಟಲಿಗೆ ಮಿಕ್ಸ್ಚರ್ ತುಂಬಿ, ಡೋಸ್ ಲೆಕ್ಕಕ್ಕೆ ಕಾಗದದ ಪಟ್ಟಿ ಅಂಟಿಸಿ ಕೆಲಸ ಕಲಿತವರು. ಅನುಭವ ಇತ್ತು, ವಿಶ್ವವಿದ್ಯಾಲಯದ ಓದು ಇರಲಿಲ್ಲ.

ಶ್ರಾಫ್ ಕಟ್ಟಿದ ವಿಭಾಗ

ಆ ಓದು ಶುರುವಾಗಿದ್ದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ. ಅಮೆರಿಕದ ಎಂಐಟಿಯಲ್ಲಿ ಓದಿ ಬಂದಿದ್ದ ಬಿಹಾರ ಮೂಲದ ಮಹಾದೇವ ಲಾಲ್ ಶ್ರಾಫ್ ಅವರಿಗೆ ಮದನ ಮೋಹನ ಮಾಳವೀಯರ ಬೆಂಬಲ ಸಿಕ್ಕಿತು. 1932ರಲ್ಲಿ ಬಿ.ಎಸ್ಸಿ.ಯೊಳಗೆ ಔಷಧ ರಸಾಯನಶಾಸ್ತ್ರ ಒಂದು ವಿಷಯವಾಗಿ ಸೇರಿತು. 1937ರಲ್ಲಿ ಮೂರು ವರ್ಷದ ಬಿ.ಫಾರ್ಮ ಪದವಿ ಬಂತು. ಶ್ರಾಫ್ ಅವರನ್ನು ಭಾರತದ ಫಾರ್ಮಸಿ ಶಿಕ್ಷಣದ ಪಿತಾಮಹ ಅಂತ ಕರೆಯುವುದು ಇದಕ್ಕೇ. ಅವರ ಜನ್ಮದಿನ ಮಾರ್ಚ್ 6ನ್ನು ಫಾರ್ಮಸಿ ಶಿಕ್ಷಣ ದಿನವಾಗಿ ಆಚರಿಸಲಾಗುತ್ತದೆ.

ಕಾನೂನು ನಿಧಾನವಾಗಿ ಹಿಂದೆ ಬಂತು. 1940ರಲ್ಲಿ ಔಷಧ ಕಾಯ್ದೆ, 1948ರಲ್ಲಿ ಫಾರ್ಮಸಿ ಕಾಯ್ದೆ, 1949ರಲ್ಲಿ ಫಾರ್ಮಸಿ ಕೌನ್ಸಿಲ್ ಆಫ್ ಇಂಡಿಯಾ. ಹಳೆ ಕಂಪೌಂಡರ್‌ಗಳನ್ನು ಕಾನೂನು ಬೀದಿಗೆ ತಳ್ಳಲಿಲ್ಲ. ಚೀಟಿ ನೋಡಿ ಔಷಧ ತಯಾರಿಸಿ ಕೊಟ್ಟ 5 ವರ್ಷದ ಅನುಭವ ಇದ್ದವರಿಗೂ ಮೊದಲ ನೋಂದಣಿಯಲ್ಲಿ ಜಾಗ ಕೊಟ್ಟಿತು. ಆಮೇಲೆ ಬರುವವರು ಓದಿಯೇ ಬರಬೇಕು ಎಂದಿತು.

ದಾರಿ ಎರಡಾಯಿತು

ಇಲ್ಲೇ ಕಥೆ ತಿರುಗುವುದು. ಬನಾರಸ್ ವಿಭಾಗ ಹುಟ್ಟಿದ್ದೇ ರಸಾಯನಶಾಸ್ತ್ರದ ಮಡಿಲಲ್ಲಿ. ದೇಶಕ್ಕೆ ಆಗ ಔಷಧ ಕಾರ್ಖಾನೆ ಬೇಕಿತ್ತು, ಪರೀಕ್ಷಿಸುವವರು ಬೇಕಿತ್ತು. ಪದವೀಧರರು ಹೆಚ್ಚಾಗಿ ಆ ಕಡೆ ಹೋದರು. ಅದೇ ವಿಭಾಗ ಇವತ್ತು ಐಐಟಿ ಬಿಎಚ್‌ಯು ಒಳಗಿದೆ, ಹೆಸರಿನಲ್ಲೇ ಎಂಜಿನಿಯರಿಂಗ್ ಮತ್ತು ಟೆಕ್ನಾಲಜಿ ಇದೆ. ಕಡಿಮೆ ಬೆಲೆಗೆ ಮಾತ್ರೆ ತಯಾರಿಸುವ ದೇಶ ಎಂಬ ಹೆಸರು ಭಾರತಕ್ಕೆ ಬಂದಿದ್ದರಲ್ಲಿ ಇಂಥ ಓದಿನ ಪಾಲು ದೊಡ್ಡದು.

ಕೌಂಟರ್ ಮಾತ್ರ ಎರಡು ವರ್ಷದ ಡಿ.ಫಾರ್ಮ ಡಿಪ್ಲೊಮಾ ಪಾಲಿಗೆ ಉಳಿಯಿತು. ಕರ್ನಾಟಕದಲ್ಲೂ 1963ರಲ್ಲಿ ಮಣಿಪಾಲ, 1973ರಲ್ಲಿ ಮೈಸೂರಿನ ಜೆಎಸ್‌ಎಸ್ ಅಂತ ಕಾಲೇಜುಗಳು ಬೆಳೆದವು. ಬಿ.ಫಾರ್ಮ ಮುಗಿಸಿದವರ ಕಣ್ಣು ಕಂಪನಿ ಕೆಲಸದ ಮೇಲೆ. ತಾಲೂಕಿನ ಅಂಗಡಿಯಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನಿಲ್ಲಲು ಯಾರು ಬರುತ್ತಾರೆ, ಎಷ್ಟು ಸಂಬಳಕ್ಕೆ? ಸರ್ಟಿಫಿಕೇಟ್ ಬಾಡಿಗೆಗೆ ಸಿಗುವ ಪದ್ಧತಿ ಬೆಳೆದದ್ದು ಈ ಸಂದಿಯಲ್ಲೇ. ಮಾಲೀಕರ ದುರಾಸೆ ಅಷ್ಟೇ ಅನ್ನುವುದು ಅರ್ಧ ಸತ್ಯ. ದಿನದ ವ್ಯಾಪಾರವೇ ಕಮ್ಮಿ ಇರುವ ಹೋಬಳಿ ಅಂಗಡಿಗೆ ಪೂರ್ತಿ ಸಂಬಳದ ಫಾರ್ಮಸಿಸ್ಟ್ ಭಾರವೇ.

ಪಠ್ಯಕ್ರಮ ಈಗ ತಿರುಗುತ್ತಿದೆ. 1991ರ ಡಿ.ಫಾರ್ಮ ನಿಯಮದಲ್ಲಿ ಅಂಗಡಿಗೆ ಸಂಬಂಧಿಸಿದ ವಿಷಯದ ಹೆಸರು ‘ಡ್ರಗ್ ಸ್ಟೋರ್ ಅಂಡ್ ಬಿಸಿನೆಸ್ ಮ್ಯಾನೇಜ್‌ಮೆಂಟ್’. 2020ರ ನಿಯಮದಲ್ಲಿ ಅದು ‘ಕಮ್ಯೂನಿಟಿ ಫಾರ್ಮಸಿ ಅಂಡ್ ಮ್ಯಾನೇಜ್‌ಮೆಂಟ್’. ಮೊದಲು ಸ್ಟೋರ್, ಈಗ ಜನ. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ತಿಳಿಸಿ ಹೇಳುವುದನ್ನೂ ಫಾರ್ಮಸಿಸ್ಟ್ ಕೆಲಸ ಎಂದಿವೆ.

ಗಿರಾಕಿಗೆ ಏನು ವ್ಯತ್ಯಾಸ?

"ಅಣ್ಣಾ, ಬೆಳಿಗ್ಗೆ ಡೋಲೊ ತಗೊಂಡೆ, ಜ್ವರ ಇಳೀಲಿಲ್ಲ. ಕ್ಯಾಲ್ಪಾಲ್ ಕೊಡಿ" ಅಂತ ಒಬ್ಬರು ಕೇಳುತ್ತಾರೆ ಅಂದುಕೊಳ್ಳಿ. ಹೆಸರು ಎರಡು, ಒಳಗಿರುವುದು ಒಂದೇ ಪ್ಯಾರಸಿಟಮಾಲ್. ಮಿತಿ ಮೀರಿದರೆ ಲಿವರ್‌ಗೆ ಪೆಟ್ಟು. ಓದಿದವರು ನಿಂತಿದ್ದರೆ "ಎಷ್ಟು ಗಂಟೆಗೆ ತಗೊಂಡ್ರಿ?" ಅಂತ ಕೇಳುತ್ತಾರೆ. ರ‍್ಯಾಕ್ ನೋಡಿ ಸ್ಟ್ರಿಪ್ ತೆಗೆಯುವುದಷ್ಟೇ ಗೊತ್ತಿರುವ ಹುಡುಗ ಕೊಟ್ಟು ಕಳಿಸುತ್ತಾನೆ. ಅದು ಅವನ ತಪ್ಪೂ ಅಲ್ಲ, ಅವನಿಗೆ ಯಾರೂ ಕಲಿಸಿಲ್ಲ.

ಅಂಗಡಿಯವರು ಇನ್ನೊಂದನ್ನೂ ಗಮನಿಸಬೇಕು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿ ಸೆಫಿಕ್ಸಿಮ್, ಟ್ರಮಡಾಲ್, ಆಲ್ಪ್ರಜೋಲಾಮ್ ತರಹದ ಔಷಧಗಳಿವೆ. ಇವಕ್ಕೆ ಪ್ರತ್ಯೇಕ ರಿಜಿಸ್ಟರ್ ಇಟ್ಟು, ವೈದ್ಯರ ಹೆಸರು ವಿಳಾಸ, ರೋಗಿಯ ಹೆಸರು, ಔಷಧ ಮತ್ತು ಪ್ರಮಾಣ ಬರೆದು, 3 ವರ್ಷ ಕಾಪಾಡಬೇಕು. ಫಾರ್ಮಸಿಸ್ಟ್ ಇಲ್ಲದ ಅಂಗಡಿಯಲ್ಲಿ ಆ ರಿಜಿಸ್ಟರ್ ಯಾರ ಕೈಬರಹದಲ್ಲಿ ಇರುತ್ತದೆ ಎಂಬುದು ತಪಾಸಣೆ ದಿನ ಎದುರಾಗುವ ಪ್ರಶ್ನೆ.

ದಂಡ ಹೆಚ್ಚಿಸಿದರೆ ಗೋಡೆಯ ಫ್ರೇಮ್ ಗಟ್ಟಿಯಾಗಬಹುದು, ಕೌಂಟರ್‌ಗೆ ಫಾರ್ಮಸಿಸ್ಟ್ ಬರುವುದು ಸಂಬಳ ಕೊಡುವ ದಾರಿ ಸಿಕ್ಕಾಗ. ಮನೆಯ ಮಕ್ಕಳಿಗೇ ಡಿ.ಫಾರ್ಮ ಓದಿಸಿ ಅಂಗಡಿ ಒಪ್ಪಿಸುವ ಕುಟುಂಬಗಳು ಒಂದು ದಾರಿ ತೋರಿಸಿವೆ. ಗಿರಾಕಿಯ ಕೈಯಲ್ಲೂ ಒಂದು ದಾರಿ ಇದೆ. ಮುಂದಿನ ಸಲ ಚೀಟಿ ಕೊಡುವಾಗ "ಫಾರ್ಮಸಿಸ್ಟ್ ಇದ್ದಾರಾ?" ಅಂತ ಒಂದು ಮಾತು ಕೇಳಬಹುದು. ಅದಕ್ಕೆ ದುಡ್ಡು ಖರ್ಚಾಗುವುದಿಲ್ಲ.