ತಲೆಯ ಮೇಲಿನ ಕೊಡ

ಕುರುಗೋಡು ಸೀಮೆಯ ಬಾದನಹಟ್ಟಿ, ಕಲ್ಲುಕಂಬಗಳಂತಹ ಊರುಗಳಿಗೆ ಸವದತ್ತಿಯ ಎಲ್ಲಮ್ಮನ ಗುಡ್ಡ ಬಲು ದೂರ. ಆದರೂ ಆ ಗುಡ್ಡದ ದೇವಿ ಜೋಗತಿಯರ ತಲೆಯೇರಿ ಈ ಎರೆಸೀಮೆಯ ಬಾಗಿಲುಗಳಿಗೆ ಬರುತ್ತಾಳೆ. ಚೌಡಿಕೆ ನುಡಿದೊಡನೆ ಜೋಗತಿ ಕುಣಿಯತೊಡಗುತ್ತಾಳೆ. ಬಾಗಲಿ, ತಿರುಗಲಿ, ಕೈ ಸೋಕದ ಆ ಕೊಡ ಜಾರದು. ನೋಡುವವರ ಕಣ್ಣೆಲ್ಲ ಕೊಡದ ಮೇಲೆ. ಅದನ್ನು ಹೊತ್ತ ಬಾಳನ್ನು ಕಂಡವರು ವಿರಳ.

ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರನ್ನೇ ನೋಡಿರಿ. ಮಂಜುನಾಥನೆಂಬ ಬಾಲಕನಾಗಿ ಬೆಳೆದು, ತಾನು ಹೆಣ್ಣೆಂದು ಅರಿತು, ಮನೆ ತೊರೆದು ಭಿಕ್ಷೆ ಬೇಡಿದವರು ಅವರು. ಕಾಳವ್ವ ಜೋಗತಿಯವರ ಮೇಳ ಅವರಿಗೆ ಅನ್ನವನ್ನೂ ಕಲೆಯನ್ನೂ ಕೊಟ್ಟಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಗೆ ಸೆರಗಿನಿಂದ ದೃಷ್ಟಿ ತೆಗೆದು ಪದ್ಮಶ್ರೀ ಸ್ವೀಕರಿಸಿದರು. ನಾಡು ಹಿಗ್ಗಿತು, ಹಿಗ್ಗಬೇಕಾದದ್ದೇ. ಆದರೆ ಒಬ್ಬರ ಕೊರಳಿಗೆ ಬಿದ್ದ ಹಾರದಿಂದ ಮಿಕ್ಕವರ ಒಲೆ ಹೊತ್ತೀತೆ?

ಮುತ್ತು ಕಟ್ಟುವ ಪದ್ಧತಿ ನಿಂತರೆ ಈ ಕುಣಿತವೂ ಅಳಿಯುವುದೆಂದು ಮರುಗುವ ಕಲಾಭಿಮಾನಿಗಳಿದ್ದಾರೆ. ಈ ಮರುಕ ನನಗೆ ಒಪ್ಪಿಗೆಯಿಲ್ಲ. 1982ರ ಕಾಯಿದೆ ನಿಷೇಧಿಸಿದ್ದು ಹೆಣ್ಣುಮಕ್ಕಳನ್ನು ದೇವದಾಸಿಯರಾಗಿ ಬಿಡುವುದನ್ನು, ಕುಣಿತವನ್ನಲ್ಲ. ಕೊಡ ನಿಲ್ಲಿಸಲು ಬೇಕಾದುದು ಕೊರಳಿನ ಮುತ್ತಲ್ಲ. ಕತ್ತಿನ ಹದ, ಹೆಜ್ಜೆಯ ಲೆಕ್ಕ, ವರ್ಷಗಟ್ಟಲೆ ಅಭ್ಯಾಸ. ಇವನ್ನು ಮನಸ್ಸುಳ್ಳ ಯಾರಾದರೂ ಕಲಿಯಬಹುದು, ಕಲಿಸಿದವರಿಗೆ ಸಂಬಳವಿದ್ದರೆ.

ಅದೇ ಇಲ್ಲಿನ ತೊಡಕು. ಜಾತ್ರೆಗೆ ಬ್ಯಾಂಡಿನವರನ್ನು ಕರೆಯುವಾಗ ಮುಂಗಡವಾಗಿಯೇ ಹಣ ಗೊತ್ತುಮಾಡುವ ನಾವು, ಜೋಗತಿ ಬಾಗಿಲಲ್ಲಿ ಕುಣಿದು ನಿಂತಾಗ ಮೊರದಲ್ಲಿ ಹಿಡಿ ಜೋಳ ತರುತ್ತೇವೆ. ಅವಳು ಅದನ್ನು ಪಡಲಿಗೆಗೆ ಸುರಿದುಕೊಂಡು, ನಮ್ಮ ಮಕ್ಕಳನ್ನು ಹರಸಿ, ಮುಂದಿನ ಮನೆಗೆ ನಡೆಯುತ್ತಾಳೆ.