ಎರೆನೆಲ ಕೈಬದಲಾದ ಬಗೆ

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೆಭಾಗಕ್ಕೆ ಮುಟ್ಟಲಿಲ್ಲವೆಂದು ಮಾನ್ವಿ, ರಾಯಚೂರು ಕಡೆಯ ರೈತರು ರಸ್ತೆಗಿಳಿಯದ ವರ್ಷವೇ ಅಪರೂಪ. ಆಗೆಲ್ಲ ಹೂಳಿನ ಮಾತು ಬರುತ್ತದೆ. ಸುಳ್ಳೇನಲ್ಲ, ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಈಗ 105ರ ಆಸುಪಾಸಿಗೆ ಬಂದು ನಿಂತಿದೆ. ಆದರೆ ಜಲಾಶಯ ಹೊಸದಾಗಿದ್ದಾಗಲೇ ಈ ಜಗಳದ ಬೀಜ ಬಿದ್ದಿತ್ತು.

1953ರಲ್ಲಿ ಅಣೆಕಟ್ಟು ಮುಗಿದಾಗ ರಾಯಚೂರು ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಬರಗಾಲದಿಂದ ಕಾಯುವುದೇ ಯೋಜನೆಯ ಗುರಿ; ಹಾಗಾಗಿ ಇರುವ ನೀರನ್ನು ಆದಷ್ಟು ಹೆಚ್ಚು ನೆಲಕ್ಕೆ ತೆಳುವಾಗಿ ಹಂಚಬೇಕಿತ್ತು. ಯಾವ ಸರ್ವೆ ನಂಬರಿಗೆ ಯಾವ ಬೆಳೆ ಎಂದು ಸರ್ಕಾರವೇ ಬರೆದಿಟ್ಟಿತು. ಬಹುಪಾಲು ಜಮೀನಿಗೆ ಜೋಳ, ಶೇಂಗಾ, ಹತ್ತಿಯಂಥ ಬೆಳೆ. ಭತ್ತ, ಕಬ್ಬಿಗೆ ಸ್ವಲ್ಪವೇ. ಕಾಗದದ ಮೇಲೆ ಅದು ನ್ಯಾಯವಾದ ಹಂಚಿಕೆ.

ಮಳೆ ನಂಬಿ ಎರೆಹೊಲದಲ್ಲಿ ಬಿಳಿಜೋಳ ಬಿತ್ತುತ್ತಿದ್ದ ರೈತನ ಬಾಗಿಲಿಗೆ ಕಾಲುವೆ ಬಂತು. ನೆಲ ಸಮತಟ್ಟು ಮಾಡಲು, ಬದು ಕಟ್ಟಲು, ಗೊಬ್ಬರ ಕೊಳ್ಳಲು ಬೇಕಾದ ದುಡ್ಡು ಬರಲಿಲ್ಲ. ಅದೇ ಹೊತ್ತಿಗೆ ಆಂಧ್ರದ ಕೃಷ್ಣಾ, ಗೋದಾವರಿ, ಗುಂಟೂರು ಜಿಲ್ಲೆಗಳಿಂದ ನೀರಾವರಿ ಬಲ್ಲ ರೈತರು ಬಂದರು. ಅಲ್ಲಿ ಒಂದೆಕರೆ ಮಾರಿದ ಹಣಕ್ಕೆ ಇಲ್ಲಿ ಹಲವು ಎಕರೆ ಸಿಗುತ್ತಿತ್ತು; ದುಡ್ಡಿಲ್ಲದ ಇಲ್ಲಿನ ರೈತ ಎರೆಹೊಲ ಮಾರಿದ. ಗಂಗಾವತಿ, ಕಾರಟಗಿ, ಸಿಂಧನೂರು ಸುತ್ತ ಕಾಲುವೆಯ ಮಗ್ಗುಲಲ್ಲೇ ಅವರು ನೆಲೆಸಿದ ಕ್ಯಾಂಪುಗಳೆದ್ದವು. ಆ ಜನ ಮೈಮುರಿದು ದುಡಿದರು, ಜಾಲಿ ಕಡಿದು ಮಡಿ ಮಾಡಿದರು. ಈ ಮಾತನ್ನು ಯಾರೂ ಅಲ್ಲಗಳೆಯಬಾರದು. ಆದರೆ ಅವರು ನಾಟಿ ಮಾಡಿದ್ದು ಭತ್ತ. ಜೋಳದ ಹಲವು ಎಕರೆಗೆ ಸಾಲುವ ನೀರನ್ನು ಭತ್ತದ ಒಂದೆಕರೆ ಕುಡಿಯುತ್ತದೆ. ಸ್ಥಳೀಯ ದೊಡ್ಡ ಹಿಡುವಳಿದಾರರೂ ಬೇಗನೆ ಅದೇ ದಾರಿ ಹಿಡಿದರು. ಆದ್ದರಿಂದ ಇದನ್ನು ಬರೀ ಆಂಧ್ರದವರು, ಕನ್ನಡದವರು ಎಂಬ ಜಗಳ ಮಾಡುವವರ ಮಾತಿಗೆ ನಾನು ಒಪ್ಪುವುದಿಲ್ಲ. ಮೇಲ್ಭಾಗದಲ್ಲಿ ನೆಲ ಉಳ್ಳವರಿಗೂ ಕೊನೆಭಾಗದಲ್ಲಿ ಕಾದು ಕೂತವರಿಗೂ ನಡುವಿನ ಜಗಳ ಇದು.

ಕಾಲುವೆಯ ತೂಬು ನೋಡಿದರೆ ವಿಷಯ ಕಣ್ಣಿಗೇ ಕಾಣುತ್ತದೆ. ಹೊಲಗಾಲುವೆಗೆ ಇಂತಿಷ್ಟೇ ನೀರು ಹೋಗಲೆಂದು ಅಳತೆಯ ಪೈಪು ಕೂರಿಸಿರುತ್ತಾರೆ. ರಾತ್ರೋರಾತ್ರಿ ಅದರ ಸುತ್ತಲಿನ ಕಾಂಕ್ರೀಟು ಒಡೆದಿರುತ್ತದೆ, ಇಲ್ಲವೆ ಪಕ್ಕದಲ್ಲೇ ಇನ್ನೊಂದು ಪೈಪು ಬಂದಿರುತ್ತದೆ. ಇದು ಎಂಜಿನಿಯರಿಗೂ ಗೊತ್ತು, ಶಾಸಕರಿಗೂ ಗೊತ್ತು. ಈ ಕಾಲುವೆಯನ್ನೇ ಹಿಡಿದು 'ಆನ್ ದ ವಾಟರ್‌ಫ್ರಂಟ್' ಎಂಬ ಗ್ರಂಥ ಬರೆದ ಪೀಟರ್ ಮೊಲಿಂಗಾ, ನೀರಿನ ಹಂಚಿಕೆ ತಂತ್ರಜ್ಞಾನದಷ್ಟೇ ರಾಜಕಾರಣದ ವ್ಯವಹಾರವೆಂದು ತೋರಿಸಿದ್ದಾರೆ. ಎರೆಹೊಲ ಮಾರಿದವನಿಗೆ ಈ ರಾಜಕಾರಣದಲ್ಲಿ ಜಾಗವೇ ಇಲ್ಲ. ನೆಲದ ಜೊತೆಗೇ ನೀರಿನ ಹಕ್ಕೂ ಅವನ ಕೈಬಿಟ್ಟಿತು.

      

ನೆಲ ಕೈಬದಲಾಗುವುದು ಈಗ ಇನ್ನೂ ಸಲೀಸು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಒಕ್ಕಲುತನ ಮಾಡದವರೂ ಕರ್ನಾಟಕದಲ್ಲಿ ಕೃಷಿಭೂಮಿ ಕೊಳ್ಳಬಹುದು. ಕೊಳ್ಳುವವರು ಮೊದಲು ಕಣ್ಣು ಹಾಕುವುದು ನೀರಿರುವ ನೆಲದ ಮೇಲೆಯೇ. ಯಾವ ಸರ್ವೆ ನಂಬರಿಗೆ ಯಾವ ಬೆಳೆ, ಎಷ್ಟು ನೀರು ಎಂದು ಹಿಂದೆ ಬರೆದಿಟ್ಟ ಆ ಪಟ್ಟಿಯನ್ನು ನೀರಾವರಿ ಇಲಾಖೆ ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಗೆ ಹಚ್ಚಲಿ. ಹೊಲ ಯಾರೇ ಕೊಂಡರೂ ಅದರಲ್ಲಿ ಬರೆದಷ್ಟೇ ನೀರು ಎಂಬ ಷರತ್ತು ಕ್ರಯಪತ್ರದಲ್ಲೇ ಇರಲಿ.